ಫ್ಲಾರೆನ್ಸಿನಲ್ಲಿ ಒಂದು ಸೆಮಿಸ್ಟರ್: ಚಿತ್ರ ಮೊದಲೋ, ಭಾಷೆ ಮೊದಲೋ?

ಪ್ರಶ್ನೆ: ಮೈಸೂರಿನಲ್ಲಿ ಪೇಂಟಿಂಗ್ ತೆಗೆದುಕೊಂಡು ಬಿ.ಎಫ್.ಎ. ಮುಗಿಸಿದ್ದೇನೆ. ಈಗ ಬೆಂಗಳೂರಿನ ಒಂದು ಡಿಸೈನ್ ಕಂಪನಿಯಲ್ಲಿ ಕೆಲಸ. ಕೂಡಿಟ್ಟ ಹಣದಲ್ಲಿ ಒಂದು ಸೆಮಿಸ್ಟರ್ ಇಟಲಿಗೆ ಹೋಗಿ ರೆನೆಸಾನ್ಸ್ ಕಲೆ ಮತ್ತು ಇಟಾಲಿಯನ್ ಭಾಷೆ ಕಲಿಯಬೇಕೆಂಬ ಆಸೆ ಇದೆ. ರೋಮ್‌ಗೆ ಹೋಗಲೋ, ಫ್ಲಾರೆನ್ಸ್‌ಗೆ ಹೋಗಲೋ? ಇಂಗ್ಲಿಷಿನಲ್ಲಿ ನಡೆಯುವ ಕೋರ್ಸ್ ಸಾಕಾಗುತ್ತದಾ, ಭಾಷೆ ಕಲಿಯಲೇಬೇಕಾ? ನಾಲ್ಕು ತಿಂಗಳಲ್ಲಿ ಏನು ತಾನೇ ದಕ್ಕುತ್ತೆ ಅಂತ ಸ್ನೇಹಿತರು ಕೇಳುತ್ತಾರೆ. ನಾವು ಸಸ್ಯಾಹಾರಿಗಳು, ಅಮ್ಮನಿಗೆ ಊಟದ್ದೇ ಚಿಂತೆ. ವೀಸಾ, ಮನೆ, ಮುಂದಿನ ಕೆಲಸದ ಬಗ್ಗೆಯೂ ತಿಳಿಸಿ.

ಉತ್ತರ: ಮೊದಲು ನಿಮ್ಮ ಸ್ನೇಹಿತರ ಮಾತನ್ನು ತೆಗೆದುಕೊಳ್ಳೋಣ. ನಾಲ್ಕು ತಿಂಗಳಲ್ಲಿ ಇಟಲಿ ಪೂರ್ತಿ ದಕ್ಕುವುದಿಲ್ಲ, ಅದು ನಿಜ. ಆದರೆ ಒಂದು ಊರಿನ ಹತ್ತು ಹನ್ನೆರಡು ಕೃತಿಗಳು ಚೆನ್ನಾಗಿ ದಕ್ಕುತ್ತವೆ. ಟೂರಿಗೆ ಹೋದವರು ಒಂದು ಚಿತ್ರವನ್ನು ಒಮ್ಮೆ ನೋಡಿ ಬರುತ್ತಾರೆ. ನೀವು ಅದೇ ಚಿತ್ರದ ಮುಂದೆ ಸೆಪ್ಟೆಂಬರಿನಲ್ಲಿ ಒಂದು ಸಲ, ಪಾಠ ಕೇಳಿದ ಮೇಲೆ ಇನ್ನೊಂದು ಸಲ, ಭಾಷೆ ಸ್ವಲ್ಪ ಬಂದ ಮೇಲೆ ಮತ್ತೊಂದು ಸಲ ನಿಲ್ಲಬಹುದು. ಸೆಮಿಸ್ಟರ್‌ಗೆ ಹೋಗುವುದರ ಲಾಭ ಇದೇ. ಎಲ್ಲಿಗೆ ಹೋಗಬೇಕು, ಯಾವ ಕೋರ್ಸ್ ಸೇರಬೇಕು, ಎಲ್ಲಿ ಮನೆ ಹಿಡಿಯಬೇಕು, ಎಲ್ಲವನ್ನೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನ ಮಾಡಿ. ಮತ್ತೆ ಮತ್ತೆ ಹೋಗಿ ನೋಡುವುದಕ್ಕೆ ಅನುಕೂಲ ಇದೆಯಾ ಅಂತ ಕೇಳಿಕೊಳ್ಳಿ.

ಹಾಗೆ ನೋಡಿದರೆ ಫ್ಲಾರೆನ್ಸೇ ಸರಿ. ರೋಮ್ ದೊಡ್ಡ ಊರು. ಅಲ್ಲಿ ಎರಡು ಸಾವಿರ ವರ್ಷದ ಕಲೆ ಒಂದರ ಮೇಲೊಂದು ಬಿದ್ದಿದೆ. ಸಿಸ್ಟೀನ್ ಚಾಪೆಲ್ಲಿನ ಚಾವಣಿ, ರಾಫೆಲ್ ಬಣ್ಣ ಹಾಕಿದ ವ್ಯಾಟಿಕನ್ ಕೋಣೆಗಳು, ಎಲ್ಲ ಅಲ್ಲೇ ಇವೆ. ಆದರೆ ಈ ಕಲೆ ಹುಟ್ಟಿ, ತಡವರಿಸಿ, ನಡೆಯಲು ಕಲಿತದ್ದು ಫ್ಲಾರೆನ್ಸಿನಲ್ಲಿ. ಅದೂ ಎಷ್ಟು ಒತ್ತೊತ್ತಾಗಿ! ರೈಲ್ವೆ ಸ್ಟೇಷನ್ ಎದುರಿಗಿರುವ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಿಂದ ಊರಿನ ಇನ್ನೊಂದು ಮಗ್ಗುಲಿನ ಸಾಂತಾ ಕ್ರೋಚೆ ಚರ್ಚಿಗೆ ಇಪ್ಪತ್ತು ನಿಮಿಷದ ನಡಿಗೆ. ಅಷ್ಟರೊಳಗೆ ಜೊತ್ತೊ, ಮಸಾಚ್ಚೊ, ದೊನಾತೆಲ್ಲೊ, ಬ್ರುನೆಲೆಸ್ಕಿ, ಬೊತ್ತಿಚೆಲ್ಲಿ, ಮೈಕೆಲಾಂಜೆಲೊ ಎಲ್ಲರ ಕೆಲಸವೂ ಸಿಗುತ್ತದೆ. ಕ್ಲಾಸ್ ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಅರ್ಧ ಗಂಟೆ ಒಂದು ಚರ್ಚಿಗೆ ಹೊಕ್ಕು ಬರಬಹುದು. ರೋಮ್‌ನಲ್ಲಿ ಅದೇ ಕೆಲಸಕ್ಕೆ ಬಸ್ ಹಿಡಿದು ಅರ್ಧ ದಿನ ಇಟ್ಟುಕೊಳ್ಳಬೇಕು.

ಒಂದು ಚಿಕ್ಕ ಎಚ್ಚರಿಕೆ. ಅಲ್ಲಿ ಪಾಠದಲ್ಲಿ ‘ಕ್ವಾತ್ರೊಚೆಂತೊ’ ಅನ್ನುತ್ತಿರುತ್ತಾರೆ. ಅಂದರೆ 1400ರಿಂದ 1499ರವರೆಗಿನ ಕಾಲ, ನಮ್ಮ ಲೆಕ್ಕದಲ್ಲಿ ಹದಿನೈದನೇ ಶತಮಾನ. ಹದಿನಾಲ್ಕು ಅಂದುಕೊಂಡು ಕೂತರೆ ನೋಟ್ಸೆಲ್ಲ ನೂರು ವರ್ಷ ಹಿಂದೆ ಹೋಗುತ್ತದೆ. ಈ ಕಾಲ ನಮಗೆ ದೂರದ್ದೇನಲ್ಲ. ಫ್ಲಾರೆನ್ಸಿನಲ್ಲಿ ಮಸಾಚ್ಚೊ ಗೋಡೆಗಳಿಗೆ ಬಣ್ಣ ಹಚ್ಚುತ್ತಿದ್ದಾಗ ವಿಜಯನಗರದಲ್ಲಿ ಇಮ್ಮಡಿ ದೇವರಾಯ ಪಟ್ಟಕ್ಕೆ ಬಂದಿದ್ದ. ಅದೇ ಸುಮಾರಿನಲ್ಲಿ ವಿಜಯನಗರ ನೋಡಿಹೋದ ನಿಕೊಲೊ ಕೊಂತಿಯ ಹೆಸರನ್ನು ಶಾಲೆಯಲ್ಲಿ ಓದಿರುತ್ತೀರಿ. ಅವನು ಊರಿಗೆ ಮರಳಿದ ಮೇಲೆ ಅವನ ಪ್ರವಾಸದ ಕಥೆಯನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದಿಟ್ಟದ್ದು ಪೊಜ್ಜೊ ಬ್ರಾಚ್ಚೊಲೀನಿ. ಆತ ಪೋಪರ ಕಾರ್ಯದರ್ಶಿಯಾಗಿದ್ದ, ಮುಂದೆ ಫ್ಲಾರೆನ್ಸ್ ಗಣರಾಜ್ಯದ ಚಾನ್ಸೆಲರ್ ಆದ. ನೀವು ಓದಲು ಹೊರಟಿರುವ ಮಂದಿಗೆ ನಮ್ಮ ಹಂಪಿಯ ಸುದ್ದಿ ಗೊತ್ತಿತ್ತು, ಅಲ್ವಾ!

ಈಗ ನಿಮ್ಮ ಮುಖ್ಯ ಪ್ರಶ್ನೆ. ಭಾಷೆ ಬೇಕಾ? ಬೇಕು. ಇದಕ್ಕೆ ನಾನು ಕೊಡುವ ಕಾರಣ ಒಂದು ಗೋಡೆಯ ಮೇಲಿದೆ.

ಸಾಂತಾ ಮರಿಯಾ ನೊವೆಲ್ಲಾದ ಒಳಗೆ ಎಡಗಡೆ ಗೋಡೆಯಲ್ಲಿ ಮಸಾಚ್ಚೊ ಬರೆದ ತ್ರಿನಿತಿ ಚಿತ್ರವಿದೆ, ಅಂದರೆ ತಂದೆ ದೇವರು, ಶಿಲುಬೆಯ ಮೇಲಿನ ಯೇಸು, ಪವಿತ್ರಾತ್ಮ ಮೂವರ ಚಿತ್ರ. ಕಾಲ 1427ರ ಸುಮಾರು. ಅವನಿಗೆ ಆಗ ಇಪ್ಪತ್ತೈದು ದಾಟಿತ್ತು ಅಷ್ಟೇ, ಮರುವರ್ಷವೇ ರೋಮ್‌ನಲ್ಲಿ ತೀರಿಕೊಂಡ. ಸಪಾಟು ಗೋಡೆಯ ಮೇಲೆ ಕಮಾನಿನ ಒಂದು ಕೋಣೆ ಕೊರೆದಂತೆ ಕಾಣುತ್ತದೆ. ದೂರ ಹೋದಂತೆ ಚಿಕ್ಕದಾಗುವ ಚಾವಣಿಯ ಚೌಕಗಳು ಲೆಕ್ಕ ಹಾಕಿ ಎಳೆದವು. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಹಸಿ ಗಾರೆಯಲ್ಲಿ ಗೀರಿದ ಗೆರೆಗಳು ಈಗಲೂ ಕಾಣುತ್ತವೆ. ಎಲ್ಲ ಗೆರೆಗಳೂ ಬಂದು ಸೇರುವ ಬಿಂದು ಶಿಲುಬೆಯ ಬುಡದ ಹತ್ತಿರ, ಹೆಚ್ಚುಕಡಿಮೆ ನಿಂತು ನೋಡುವವರ ಕಣ್ಣಿನ ಮಟ್ಟಕ್ಕೇ ಇದೆ. ಡ್ರಾಯಿಂಗ್ ಕ್ಲಾಸಿನಲ್ಲಿ ನಾವು ಪರ್ಸ್‌ಪೆಕ್ಟಿವ್ ಅಂತ ಸ್ಕೇಲ್ ಹಿಡಿದು ಎಳೆದೆವಲ್ಲ, ಅದನ್ನು ಇಷ್ಟು ಕರಾರುವಾಕ್ಕಾಗಿ ಎಳೆದ ಅತಿ ಹಳೆಯ ಚಿತ್ರಗಳಲ್ಲಿ ಇದೊಂದು. ಅದರ ಮುಂದೆ ನಿಲ್ಲುವುದೇ ಒಂದು ಪಾಠ.

ಇಷ್ಟನ್ನು ಇಂಗ್ಲಿಷ್ ಗೈಡ್ ಕೂಡ ಹೇಳುತ್ತಾರೆ. ಚಿತ್ರದ ಕೆಳಗಡೆ ನೋಡಿ. ಕಲ್ಲಿನ ಗೋರಿಯಂತೆ ಬರೆದಿರುವ ಕಡೆ ಒಂದು ಅಸ್ಥಿಪಂಜರ ಮಲಗಿದೆ. ಅದರ ಮೇಲೆ ಒಂದು ಸಾಲು: ‘ಇಯೊ ಫು ಜಾ ಕ್ವೆಲ್ ಕೆ ವೊಯ್ ಸೆತೆ, ಎ ಕ್ವೆಲ್ ಕಿ ಸೊನೊ ವೊಯ್ ಆಂಕೊ ಸರೆತೆ.’ ನೀವೀಗ ಏನಾಗಿದ್ದೀರೋ ನಾನೂ ಒಂದು ಕಾಲಕ್ಕೆ ಅದೇ ಆಗಿದ್ದೆ, ನಾನೀಗ ಏನಾಗಿದ್ದೇನೋ ನೀವೂ ಮುಂದೆ ಅದೇ ಆಗುತ್ತೀರಿ. ಬರೆದದ್ದು ಚರ್ಚಿನ ಲ್ಯಾಟಿನ್ನಿನಲ್ಲಲ್ಲ, ಬೀದಿಯಲ್ಲಿ ಜನ ಆಡುತ್ತಿದ್ದ ಮಾತಿನಲ್ಲಿ. ಇದರಲ್ಲಿರುವುದು ‘ಇರು’ ಅನ್ನುವ ಒಂದೇ ಕ್ರಿಯಾಪದದ ಭೂತ, ವರ್ತಮಾನ, ಭವಿಷ್ಯತ್ ರೂಪಗಳು. ಸೆಮಿಸ್ಟರ್ ಮುಗಿಯುವುದರೊಳಗೆ ಕಲಿಯಬಹುದಾದ ವ್ಯಾಕರಣ ಅದು. ಅಷ್ಟು ಕಲಿತ ವಿದ್ಯಾರ್ಥಿ ಆ ಗೋಡೆಯ ಮುಂದೆ ನಿಂತು, ಆರುನೂರು ವರ್ಷದ ಹಿಂದಿನ ಸಾಲನ್ನು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳಬಹುದು. ಆ ಸಾಲು ಮಾತಾಡುತ್ತಿರುವುದು ಎದುರಿಗೆ ನಿಂತವರ ಜೊತೆ. ಓದಿದಾಗ ‘ನೀವು’ ಅಂದರೆ ನಾನೇ ಅಂತ ಹೊಳೆಯುತ್ತದೆ. ಆಮೇಲೆ ಆ ಕಮಾನು, ಆ ಗೆರೆಗಳು ಎಲ್ಲವೂ ಬೇರೆ ಥರ ಕಾಣತೊಡಗುತ್ತವೆ.

ಈ ಚಿತ್ರಕ್ಕೆ ಇನ್ನೊಂದು ಕಥೆ ಇದೆ. 1570ರ ಹೊತ್ತಿಗೆ ಚರ್ಚನ್ನು ಹೊಸದಾಗಿ ಮಾಡುವಾಗ ಚಿತ್ರಕಾರನೂ ವಾಸ್ತುಶಿಲ್ಪಿಯೂ ಆಗಿದ್ದ ವಸಾರಿ ಇದರ ಮುಂದೆ ಒಂದು ಪೂಜಾವೇದಿಕೆ ಕಟ್ಟಿಸಿದ. ಸುಮಾರು ಮುನ್ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಅದರ ಹಿಂದೆ ಉಳಿಯಿತು. 1860ರ ಸುಮಾರಿಗೆ ಮೇಲಿನ ಭಾಗ ಸಿಕ್ಕಿತು, ಅದನ್ನು ಗಾರೆ ಸಮೇತ ಎಬ್ಬಿಸಿ ಬೇರೆ ಗೋಡೆಗೆ ಒಯ್ದರು. ಅಸ್ಥಿಪಂಜರ ಸಿಕ್ಕಿದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ. 1952ರಲ್ಲಿ ಎರಡೂ ಮತ್ತೆ ಒಂದೇ ಕಡೆ ಸೇರಿದವು. ವಸಾರಿ ಆ ಗೋಡೆಯನ್ನು ಒಡೆಸದೆ ಹಾಗೇ ಬಿಟ್ಟನಲ್ಲ, ಅದೇ ನಮ್ಮ ಪುಣ್ಯ.

ಭಾಷೆ ಕಲಿಯುವುದರಲ್ಲಿ ಕನ್ನಡದವರಿಗೆ ಕೆಲವು ಅನುಕೂಲಗಳಿವೆ, ಧೈರ್ಯಕ್ಕೆ ಹೇಳುತ್ತೇನೆ. ಇಟಾಲಿಯನ್ನಿನ ತ, ದ ನಮ್ಮ ತ, ದಗಳೇ. ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಅನ್ನಬೇಡಿ, ಅಷ್ಟೇ. ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಒತ್ತಕ್ಷರ ನಮಗೆ ನೀರು ಕುಡಿದಷ್ಟು ಸುಲಭ. ಹಳಿ ಬೇರೆ, ಹಳ್ಳಿ ಬೇರೆ ಅಂತ ಗೊತ್ತಿರುವವರಿಗೆ ‘ನೊನೊ’ ಅಂದರೆ ಒಂಬತ್ತನೆಯದು, ‘ನೊನ್ನೊ’ ಅಂದರೆ ಅಜ್ಜ ಅನ್ನುವುದು ಕಷ್ಟವೇ ಅಲ್ಲ. ಇಂಗ್ಲಿಷ್ ಮಾತಾಡುವವರು ಇಲ್ಲೇ ಒದ್ದಾಡುತ್ತಾರೆ. ‘ಮಾತಾಡುತ್ತೇನೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಅಲ್ಲೂ ‘ಪಾರ್ಲೊ’ ಅಂದರೆ ಸಾಕು. ನೀನು, ನೀವು ಅನ್ನುವ ವ್ಯತ್ಯಾಸವೂ ಇದೆ. ಅಂಗಡಿಯವರಿಗೆ, ಮೇಷ್ಟ್ರಿಗೆ, ಹಿರಿಯರಿಗೆ ‘ಲೇಯಿ’ ಅನ್ನಬೇಕು. ಜೊತೆಯವರಿಗೆ ‘ತು’.

ಕಷ್ಟ ಬರುವುದು ಲಿಂಗದಲ್ಲಿ. ನಮಗೆ ಕುರ್ಚಿಯೂ ಅದು, ಪುಸ್ತಕವೂ ಅದು. ಅಲ್ಲಿ ಕುರ್ಚಿ ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಕೈ ಅನ್ನುವ ‘ಮಾನೊ’ ಒಕಾರದಲ್ಲಿ ಮುಗಿದರೂ ಸ್ತ್ರೀಲಿಂಗ. ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಹಿಂದಿ ಕಲಿತಿದ್ದರೆ ಆ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಪದವನ್ನೂ ಅದರ ಮುಂದಿನ ‘ಇಲ್’, ‘ಲಾ’, ‘ಲೊ’ ಸಮೇತ ಬಾಯಿಪಾಠ ಮಾಡಿ, ಬೇರೆ ಉಪಾಯ ಇಲ್ಲ. ಇನ್ನೊಂದು ವಿಷಯ. ಫ್ಲಾರೆನ್ಸಿನವರು ಎರಡು ಸ್ವರಗಳ ನಡುವಿನ ಕಕಾರವನ್ನು ಹಕಾರದ ಹಾಗೆ ಆಡುತ್ತಾರೆ. ಮನೆ ಅನ್ನುವ ‘ಲಾ ಕಾಸಾ’ ಅವರ ಬಾಯಲ್ಲಿ ‘ಲಾ ಹಾಸಾ’ ಆಗುತ್ತದೆ. ಮೊದಲ ವಾರ ತರಕಾರಿ ಅಂಗಡಿಯಲ್ಲಿ ಏನೂ ಅರ್ಥವಾಗದಿದ್ದರೆ ಗಾಬರಿಯಾಗಬೇಡಿ.

ಯುರೋಪಿನಲ್ಲಿ ಭಾಷೆಯ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಅಳೆಯುತ್ತಾರೆ. ಇಲ್ಲಿಂದ ಹೊರಡುವ ಮುಂಚೆಯೇ ಎ2 ಮಟ್ಟ ಮುಟ್ಟಿ ಅನ್ನುವುದು ನನ್ನ ಒತ್ತಾಯ. ದೆಹಲಿ ಮತ್ತು ಮುಂಬಯಿಯಲ್ಲಿ ಇಟಾಲಿಯನ್ ಸಾಂಸ್ಕೃತಿಕ ಕೇಂದ್ರಗಳಿವೆ. ಬೆಂಗಳೂರಿನಲ್ಲಿ ಕೂತೇ ಆನ್‌ಲೈನ್ ಪಾಠ ಕೇಳಬಹುದು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಫ್ಲಾರೆನ್ಸ್ ಪ್ರವಾಸಿಗರ ಊರು. ನೀವು ತಡವರಿಸಿದ ತಕ್ಷಣ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಸೊನ್ನೆಯಿಂದ ಶುರು ಮಾಡಿದರೆ ನಾಲ್ಕು ತಿಂಗಳೂ ಇಂಗ್ಲಿಷಿನಲ್ಲೇ ಕಳೆದುಹೋಗುತ್ತದೆ. ಹರಕುಮುರುಕಾದರೂ ಮಾತು ಮುಂದುವರಿಸುವಷ್ಟು ಬಂದರೆ ಅವರೂ ಖುಷಿಯಿಂದ ಇಟಾಲಿಯನ್ನಿನಲ್ಲೇ ಮಾತಾಡುತ್ತಾರೆ. ಬರೀ ಭಾಷೆಯೇ ನಿಮ್ಮ ಗುರಿಯಾಗಿದ್ದರೆ ಸಿಯೆನಾ ಅಥವಾ ಪೆರೂಜಾಕ್ಕೆ ಹೋಗಿ ಅನ್ನುತ್ತಿದ್ದೆ. ಎರಡೂ ಕಡೆ ವಿದೇಶೀಯರಿಗೆಂದೇ ಇರುವ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಸಿಯೆನಾದವರು ನಡೆಸುವ ಚಿಲ್ಸ್, ಪೆರೂಜಾದವರು ನಡೆಸುವ ಚೆಲಿ ಪರೀಕ್ಷೆಗಳಿಗೆ ಎಲ್ಲೆಡೆ ಮಾನ್ಯತೆ ಇದೆ. ಆದರೆ ನೀವು ಪೇಂಟರ್. ನಿಮಗೆ ಗೋಡೆಗಳು ಹತ್ತಿರ ಇರಬೇಕು. ಅಲ್ಲೊಂದು ತಿಂಗಳು ಇಲ್ಲೊಂದು ತಿಂಗಳು ಅಂತ ಹಂಚಲು ಹೋಗಬೇಡಿ, ವೀಸಾ ಸಿಗುವುದು ಒಂದು ಸಂಸ್ಥೆಯ ಪ್ರವೇಶ ಪತ್ರದ ಮೇಲೆ.

ಕೋರ್ಸಿನ ವಿಷಯ. ಫ್ಲಾರೆನ್ಸಿನಲ್ಲಿ ಅಮೆರಿಕದ ಹತ್ತಾರು ವಿಶ್ವವಿದ್ಯಾಲಯಗಳ ಕೇಂದ್ರಗಳಿವೆ. ಪಾಠ ಇಂಗ್ಲಿಷಿನಲ್ಲಿ, ಫೀಸು ಅಮೆರಿಕದ ಲೆಕ್ಕದಲ್ಲಿ. ಅವು ಮುಖ್ಯವಾಗಿ ತಮ್ಮ ವಿದ್ಯಾರ್ಥಿಗಳಿಗೆ. ಸ್ವಂತ ದುಡ್ಡಿನಲ್ಲಿ ಹೋಗುವ ನಿಮಗೆ ನಾನು ಅದನ್ನು ಹೇಳುವುದಿಲ್ಲ. ಇಟಲಿಯ ವಿಶ್ವವಿದ್ಯಾಲಯದಲ್ಲಿ ‘ಕೋರ್ಸಿ ಸಿಂಗೊಲಿ’ ಅಂತ ಪೂರ್ತಿ ಡಿಗ್ರಿಗೆ ಸೇರದೆ ಒಂದೆರಡು ವಿಷಯಗಳಿಗೆ ಮಾತ್ರ ಸೇರುವ ದಾರಿ ಇದೆ. ಪಾಠ ತುಂಬ ಚೆನ್ನಾಗಿರುತ್ತದೆ, ಫೀಸೂ ಕಡಿಮೆ. ಆದರೆ ಕಲಾ ಇತಿಹಾಸದ ಪಾಠ ಇಟಾಲಿಯನ್ನಿನಲ್ಲಿ, ಪರೀಕ್ಷೆ ಹೆಚ್ಚಾಗಿ ಬಾಯಿಮಾತಿನಲ್ಲಿ. ಮೂವತ್ತಕ್ಕೆ ಹದಿನೆಂಟು ಬಂದರೆ ಪಾಸು. ಇದಕ್ಕೆ ಬಿ2 ಮಟ್ಟದ ಭಾಷೆ ಬೇಕು. ನೀವು ಈಗಲೇ ಅಲ್ಲಿಗೆ ಕೈಹಾಕುವುದು ಬೇಡ. ನಿಮಗೆ ಸರಿಹೊಂದುವುದು ಭಾಷಾ ಶಾಲೆ. ಬೆಳಗ್ಗೆ ಭಾಷೆ, ಮಧ್ಯಾಹ್ನ ವಾರಕ್ಕೆ ಎರಡು ಮೂರು ಸಲ ಕಲಾ ಇತಿಹಾಸ, ಅದರಲ್ಲೂ ಮ್ಯೂಸಿಯಂ ಮತ್ತು ಚರ್ಚುಗಳಲ್ಲೇ ನಡೆಯುವ ಪಾಠ. ಇಂಥ ಶಾಲೆಗಳು ಫ್ಲಾರೆನ್ಸಿನಲ್ಲಿ ಹಲವು ಇವೆ. 1917ರಲ್ಲಿ ಶುರುವಾದ ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಕೂಡ ಭಾಷೆ ಮತ್ತು ಕಲಾ ಇತಿಹಾಸ ಎರಡನ್ನೂ ಕಲಿಸುತ್ತದೆ. ಸೇರುವ ಮುಂಚೆ ಶಾಲೆಗೆ ಎರಡು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಗಂಟೆ ಪಾಠ? ವಿದ್ಯಾರ್ಥಿ ವೀಸಾಕ್ಕೆ ಸಾಮಾನ್ಯವಾಗಿ 20 ಗಂಟೆಯ ಕೋರ್ಸ್ ಕೇಳುತ್ತಾರೆ. ಕಲಾ ಇತಿಹಾಸದ ಪಾಠದಲ್ಲಿ ಎಷ್ಟು ಭಾಗ ಕೃತಿಯ ಮುಂದೆ ನಿಂತು ನಡೆಯುತ್ತದೆ? ಕತ್ತಲೆ ಕೋಣೆಯಲ್ಲಿ ಸ್ಲೈಡ್ ತೋರಿಸುವ ಪಾಠಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಅಲ್ಲಿದ್ದಾಗ ಒಂದು ವಾರ ಬಿಡುವು ಮಾಡಿಕೊಂಡು ಫ್ರೆಸ್ಕೊ ಕಾರ್ಯಾಗಾರಕ್ಕೆ ಸೇರಿ. ಇದನ್ನು ಮಾತ್ರ ತಪ್ಪಿಸಬೇಡಿ. ಅಜಂತಾದಲ್ಲಿ ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣ ಹಚ್ಚಿದ್ದಾರೆ. ಫ್ಲಾರೆನ್ಸಿನವರು ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಿದ್ದರು. ಅಂಟು ಬೇಕಿಲ್ಲ. ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಆ ದಿನ ಎಷ್ಟು ಬರೆಯಬಹುದೋ ಅಷ್ಟಕ್ಕೆ ಮಾತ್ರ ಗಾರೆ ಮೆತ್ತಬೇಕು. ಆ ತುಂಡಿಗೆ ‘ಜೊರ್ನಾತಾ’ ಅಂತ ಹೆಸರು, ಒಂದು ದಿನದ ಕೆಲಸ. ಸಂಜೆ ಉಳಿದ ಗಾರೆಯನ್ನು ಕೆತ್ತಿ ತೆಗೆದು, ಮರುದಿನ ಅದರ ಅಂಚಿಗೆ ಹೊಸದು ಸೇರಿಸುತ್ತಿದ್ದರು. ಈ ಅಂಚುಗಳು ಪಕ್ಕದಿಂದ ಬೆಳಕು ಬಿದ್ದಾಗ ಕಾಣುತ್ತವೆ. ಒಂದು ಮುಖಕ್ಕೆ ಇಡೀ ದಿನ ಕೊಟ್ಟಿರುತ್ತಾರೆ, ಆಕಾಶದ ದೊಡ್ಡ ಭಾಗವನ್ನೂ ಒಂದೇ ದಿನದಲ್ಲಿ ಮುಗಿಸಿರುತ್ತಾರೆ. ಎಲ್ಲಿ ಕಷ್ಟಪಟ್ಟ, ಎಲ್ಲಿ ಬೇಗ ಬೇಗ ಸಾಗಿದ ಅನ್ನುವುದು ಗಾರೆಯಲ್ಲೇ ಬರೆದಿದೆ. ಹಾಗೇ ಮೇರಿಯ ನೀಲಿ ಬಟ್ಟೆ ಎಷ್ಟೋ ಕಡೆ ಉದುರಿಹೋಗಿರುವುದನ್ನು ನೋಡುತ್ತೀರಿ. ಅಜುರೈಟ್ ಎಂಬ ಆ ನೀಲಿ ಹಸಿ ಸುಣ್ಣಕ್ಕೆ ಒಗ್ಗುತ್ತಿರಲಿಲ್ಲ, ಗೋಡೆ ಒಣಗಿದ ಮೇಲೆ ಅಂಟು ಸೇರಿಸಿ ಹಚ್ಚಬೇಕಿತ್ತು. ಒಮ್ಮೆ ನಿಮ್ಮ ಕೈಯಾರೆ ಗಾರೆ ಮೆತ್ತಿ, ಅದು ಬಿಗಿಯುವ ಮುಂಚೆ ಬಣ್ಣ ಹಚ್ಚಿ ನೋಡಿದರೆ, ಊರಿನ ಅರ್ಧ ಗೋಡೆಗಳು ತಾವಾಗಿಯೇ ಅರ್ಥವಾಗುತ್ತವೆ.

ಆ ಕಣ್ಣಿನಿಂದ ಹೊಳೆಯ ಆಚೆ ಕಾರ್ಮಿನೆ ಚರ್ಚಿನ ಬ್ರಾಂಕಾಚ್ಚಿ ಚಾಪೆಲ್ಲಿಗೆ ಹೋಗಿ, ಮುಂಗಡ ಬುಕ್ ಮಾಡಿಕೊಂಡು. ಏದೆನ್ ತೋಟದಿಂದ ಆದಾಮ ಮತ್ತು ಹವ್ವಳನ್ನು ಹೊರಹಾಕುವ ಮಸಾಚ್ಚೊನ ಚಿತ್ರ ಅಲ್ಲಿದೆ. ಅವನು ಮುಖ ಮುಚ್ಚಿಕೊಂಡಿದ್ದಾನೆ, ಅವಳು ಬಾಯಿ ತೆರೆದು ಗೋಳಾಡುತ್ತಿದ್ದಾಳೆ. 1680ರ ಸುಮಾರಿಗೆ ಅವರ ಮೈಮೇಲೆ ಎಲೆಗಳನ್ನು ಬರೆಸಿದ್ದರು, 1980ರ ದಶಕದ ಸಂರಕ್ಷಣಾ ಕೆಲಸದಲ್ಲಿ ಅವನ್ನು ತೆಗೆದರು. ಎದುರುಗಡೆಯೇ ಮಸೊಲೀನೊ ಬರೆದ ಅದೇ ಆದಾಮ, ಹವ್ವ ಶಾಂತವಾಗಿ ನಿಂತಿದ್ದಾರೆ. ಇಬ್ಬರು ಚಿತ್ರಕಾರರೂ ಜೊತೆಗೇ ಕೆಲಸ ಮಾಡುತ್ತಿದ್ದವರು. ಎರಡು ಚಿತ್ರಗಳ ನಡುವೆ ತಲೆ ತಿರುಗಿಸಿ ನೋಡಿ, ಆ ಕಾಲದ ಚಿತ್ರಕಲೆಯಲ್ಲಿ ಏನು ಬದಲಾಯಿತು ಅನ್ನುವುದು ಗೊತ್ತಾಗುತ್ತದೆ. ಇಂಥದೇ ಇನ್ನೊಂದು ಜೋಡಿ ಬರ್ಜೆಲ್ಲೊ ಮ್ಯೂಸಿಯಂನಲ್ಲಿದೆ. ಬ್ಯಾಪ್ಟಿಸ್ಟರಿಯ, ಅಂದರೆ ದೀಕ್ಷಾಸ್ನಾನ ಮಾಡಿಸುವ ಮಂದಿರದ ಕಂಚಿನ ಬಾಗಿಲಿಗಾಗಿ 1401ರಲ್ಲಿ ನಡೆದ ಸ್ಪರ್ಧೆಗೆ ಗಿಬೆರ್ತಿ ಮತ್ತು ಬ್ರುನೆಲೆಸ್ಕಿ ಮಾಡಿಕೊಟ್ಟ ಎರಡು ಫಲಕಗಳು. ಗೆದ್ದವನು ಗಿಬೆರ್ತಿ. ಬ್ರುನೆಲೆಸ್ಕಿ ಶಿಲ್ಪ ಬಿಟ್ಟು ಕಟ್ಟಡದ ಕಡೆ ಹೊರಳಿದ, 1420ರಿಂದ 1436ರವರೆಗೆ ಅದೇ ಊರಿನ ದೊಡ್ಡ ಗುಮ್ಮಟ ಎಬ್ಬಿಸಿದ. ಎರಡು ಫಲಕಗಳನ್ನೂ ಸ್ಕೆಚ್ ಮಾಡಿ, ನೀವಾಗಿದ್ದರೆ ಯಾರಿಗೆ ಬಹುಮಾನ ಕೊಡುತ್ತಿದ್ದಿರಿ ಅಂತ ಬರೆದಿಡಿ. ಸೆಮಿಸ್ಟರ್ ಕೊನೆಗೆ ಮತ್ತೆ ಹೋಗಿ ನೋಡಿ.

ಉಫೀತ್ಸಿ ಚಿತ್ರಶಾಲೆಗೆ ಒಂದೇ ದಿನ ಬೆಳಗ್ಗೆಯಿಂದ ಸಂಜೆವರೆಗೆ ಹೋಗಬೇಡಿ. ವಾರ್ಷಿಕ ಪಾಸ್ ಮಾಡಿಸಿ, ಒಂದು ಸಲಕ್ಕೆ ಎರಡು ಕೋಣೆ ಸಾಕು. ಸೋಮವಾರ ರಜೆ. ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಉಚಿತ, ಆದರೆ ಜನವೋ ಜನ. ನವೆಂಬರ್ ನಂತರ ಊರು ಸ್ವಲ್ಪ ಖಾಲಿಯಾಗುತ್ತದೆ, ಆಗ ಬೊತ್ತಿಚೆಲ್ಲಿಯ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು. ಸಾಂತಾ ಫೆಲಿಚಿತಾದಂಥ ಚಿಕ್ಕ ಚರ್ಚುಗಳಿಗೆ ಟಿಕೆಟ್ಟೇ ಇಲ್ಲ, ಪೊಂತೊರ್ಮೊನ ಅದ್ಭುತ ಚಿತ್ರ ಅಲ್ಲೊಂದು ಮೂಲೆಯಲ್ಲಿದೆ. ಇಂಥ ಕಡೆ ದೀಪ ಹತ್ತಲು ಎಷ್ಟೋ ಸಲ ಡಬ್ಬಿಗೆ ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಒಂದು ಚಿಕ್ಕ ಬೈನಾಕ್ಯುಲರ್ ಇರಲಿ, ಸಾಂತಾ ಮರಿಯಾ ನೊವೆಲ್ಲಾದಲ್ಲಿ ಗಿರ್ಲಾಂದಾಯೊ ಬರೆದ ಮೇಲಿನ ಸಾಲಿನ ಚಿತ್ರಗಳು ಬರಿಗಣ್ಣಿಗೆ ಸಿಗುವುದಿಲ್ಲ. ಸ್ಕೆಚ್ಚಿಗೆ ಪೆನ್ಸಿಲ್ ಮಾತ್ರ ಒಯ್ಯಿರಿ. ಓದಲು ಒಬ್ಲಾತೆ ಸಾರ್ವಜನಿಕ ಗ್ರಂಥಾಲಯ ಚೆನ್ನಾಗಿದೆ. ಮೇಲಿನ ಮಹಡಿಯಿಂದ ಬ್ರುನೆಲೆಸ್ಕಿಯ ಗುಮ್ಮಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ.

ಹೊರಗಿನ ಊರುಗಳಲ್ಲಿ ಎರಡು ಸಾಕು. ರೈಲಿನಲ್ಲಿ ಅರೆತ್ಸೊಗೆ ಹೋಗಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಗೋಡೆಗಳನ್ನು ನೋಡಿ. ಬಸ್ಸಿನಲ್ಲಿ ಸಿಯೆನಾಕ್ಕೆ ಹೋಗಿ, ಅಲ್ಲಿಯ ಪುರಭವನದಲ್ಲಿ ಅಂಬ್ರೊಜೊ ಲೊರೆಂತ್ಸೆತ್ತಿ 1338-39ರಲ್ಲಿ ಬರೆದ ಒಳ್ಳೆಯ ಆಡಳಿತ, ಕೆಟ್ಟ ಆಡಳಿತದ ಚಿತ್ರಗಳನ್ನು ನೋಡಿ. ಉಳಿದ ವಾರಾಂತ್ಯಗಳಲ್ಲಿ ಪ್ಯಾರಿಸ್, ಬಾರ್ಸಿಲೋನಾ ಅಂತ ಓಡುವವರ ಜೊತೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಫ್ಲಾರೆನ್ಸಿನಲ್ಲೇ ಒಂದು ಭಾನುವಾರ ಕಾಶ್ಶಿನೆ ಉದ್ಯಾನದ ತುದಿಯವರೆಗೆ ನಡೆದು ಹೋಗಿ. ನಮ್ಮ ನೆರೆಯ ಕೊಲ್ಹಾಪುರದ ತರುಣ ಮಹಾರಾಜ ರಾಜಾರಾಮ್ ಇಂಗ್ಲೆಂಡಿನಿಂದ ಮರಳುವಾಗ 1870ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ. ಎರಡು ಹೊಳೆ ಸೇರುವ ಜಾಗ ಹುಡುಕಿ ಅಲ್ಲೇ ಅವನ ದಹನ ಮಾಡಿದರು. ಅಲ್ಲಿರುವ ಸ್ಮಾರಕವನ್ನೂ ಹತ್ತಿರದ ಸೇತುವೆಯನ್ನೂ ಊರಿನವರು ‘ಇಂದಿಯಾನೊ’ ಹೆಸರಿನಲ್ಲೇ ಕರೆಯುತ್ತಾರೆ.

ವೀಸಾ. 90 ದಿನಕ್ಕಿಂತ ಜಾಸ್ತಿ ಇರುವುದಾದರೆ ಡಿ ಮಾದರಿಯ ವಿದ್ಯಾರ್ಥಿ ವೀಸಾ ಬೇಕು. ಪ್ರವೇಶ ಪತ್ರ, ಉಳಿಯುವ ಜಾಗದ ದಾಖಲೆ, ಬ್ಯಾಂಕ್ ಲೆಕ್ಕ, ಆರೋಗ್ಯ ವಿಮೆ ಎಲ್ಲವನ್ನೂ ಕೇಳುತ್ತಾರೆ. ಬೆಂಗಳೂರಿನಲ್ಲೇ ವೀಸಾ ಅರ್ಜಿ ಕೇಂದ್ರ ಇದೆ. ಹೊರಡಲು ಮೂರು ನಾಲ್ಕು ತಿಂಗಳು ಇರುವಾಗಲೇ ಶುರು ಮಾಡಿ. ಅಲ್ಲಿ ಇಳಿದ ಮೇಲೆ ಎಂಟು ಕೆಲಸದ ದಿನಗಳೊಳಗೆ ‘ಪೆರ್ಮೆಸ್ಸೊ ದಿ ಸೊಜ್ಜೊರ್ನೊ’ ಅನ್ನುವ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಕಿಟ್ ಪೋಸ್ಟ್ ಆಫೀಸಿನಲ್ಲಿ ಸಿಗುತ್ತದೆ, ತಂಬಾಕು ಅಂಗಡಿಯಲ್ಲಿ 16 ಯೂರೋದ ಸ್ಟಾಂಪ್ ಕೊಂಡು ಹಚ್ಚಬೇಕು. ಅರ್ಜಿ ಹಾಕಿದಾಗ ಕೊಡುವ ರಸೀದಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ. ಇಟಲಿಯ ವಿದೇಶಾಂಗ ಸಚಿವಾಲಯ ಹೊರಗಿನ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ, ಆ ವರ್ಷದ ಪಟ್ಟಿಯಲ್ಲಿ ಭಾರತ ಇದೆಯಾ ನೋಡಿ.

ಮನೆ ದುಬಾರಿ. ಊರೊಳಗೆ ಒಬ್ಬರ ಕೋಣೆ ತಿಂಗಳಿಗೆ 500 ಯೂರೋಗಿಂತ ಕಡಿಮೆಗೆ ಸಿಗುವುದು ಅಪರೂಪ, ಅಡ್ವಾನ್ಸ್ ಬೇರೆ. ನೋಡದೆ ದುಡ್ಡು ಕಳಿಸಬೇಡಿ. ಮೊದಲ ತಿಂಗಳು ಶಾಲೆಯೇ ಗೊತ್ತುಮಾಡುವ ಕುಟುಂಬದ ಮನೆಯಲ್ಲಿರಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ರಾತ್ರಿ ಊಟದ ಹೊತ್ತಿಗೆ ಭಾಷೆ ಕಿವಿಗೆ ಬೀಳುತ್ತದೆ. ಆಮೇಲೆ ರಿಫ್ರೆದಿ, ಕಾಂಪೊ ದಿ ಮಾರ್ತೆ ಕಡೆ ಇಟಾಲಿಯನ್ ವಿದ್ಯಾರ್ಥಿಗಳ ಜೊತೆ ಕೋಣೆ ಹಂಚಿಕೊಳ್ಳಿ.

ಅಮ್ಮನಿಗೆ ಹೇಳಿ, ಊಟಕ್ಕೆ ತೊಂದರೆ ಇಲ್ಲ. ಅಕ್ಕಿ, ಕಡಲೆ, ಚನ್ನಂಗಿ ಬೇಳೆ, ಟೊಮ್ಯಾಟೊ, ಬದನೆ, ಸೊಪ್ಪು ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತವೆ. ಸಾಂಬಾರ್ ಪುಡಿ ಇಲ್ಲಿಂದ ಒಯ್ಯಿರಿ, ಉಳಿದ ಸಾಮಾನು ಬಾಂಗ್ಲಾದೇಶ, ಶ್ರೀಲಂಕಾದವರ ಅಂಗಡಿಗಳಲ್ಲಿ ಸಿಗುತ್ತದೆ. ಹೊರಗೆ ತಿನ್ನುವಾಗ ‘ಸೊನೊ ವೆಜೆತಾರಿಯಾನಾ’ ಅಂದರೆ ಸಾಕಾಗುವುದಿಲ್ಲ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕುವುದುಂಟು, ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿ ಮಾಡುತ್ತಾರೆ. ಬಿಡಿಸಿ ಕೇಳಿ. ಟೊಮ್ಯಾಟೊ ಮತ್ತು ಬ್ರೆಡ್ಡಿನ ‘ಪಾಪ್ಪಾ ಅಲ್ ಪೊಮೊದೊರೊ’ ಆ ಊರಿನದೇ ಅಡುಗೆ, ನಿಮಗೆ ಇಷ್ಟವಾಗುತ್ತದೆ. ಅಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅದಕ್ಕೆ ಸ್ವಲ್ಪ ದಿನ ಬೇಕು.

ಕೊನೆಗೆ ಕೆಲಸದ ಮಾತು. ಒಂದು ಸೆಮಿಸ್ಟರಿನ ಸರ್ಟಿಫಿಕೇಟಿನಿಂದ ನೇರವಾಗಿ ಕೆಲಸ ಸಿಗುವುದಿಲ್ಲ. ಆದರೆ ಬಿ1 ಪರೀಕ್ಷೆ ಪಾಸು ಮಾಡಿ, ಸ್ಕೆಚ್ ಪುಸ್ತಕ ತುಂಬಿಸಿ, ಒಂದೆರಡು ಕೃತಿಗಳ ಬಗ್ಗೆ ನಿಮ್ಮದೇ ಬರಹ ಇಟ್ಟುಕೊಂಡು ಬಂದರೆ, ಇಲ್ಲಾಗಲಿ ಅಲ್ಲಾಗಲಿ ಎಂ.ಎ. ಪ್ರವೇಶಕ್ಕೆ ಅದು ಗಟ್ಟಿಯಾದ ಆಧಾರ. ಕಂಪನಿಯಲ್ಲಿ ರಜೆ ಸಿಗುತ್ತದಾ ಕೇಳಿ ನೋಡಿ, ರಾಜೀನಾಮೆ ಕೊಡುವುದು ಆಮೇಲಿನ ಮಾತು. ಫ್ರೆಸ್ಕೊ ಕಾರ್ಯಾಗಾರದಲ್ಲಿ ಚಿತ್ರಕ್ಕಿಂತ ಗಾರೆಯೇ ನಿಮ್ಮನ್ನು ಹಿಡಿದುಕೊಂಡರೆ, ಚಿತ್ರ ಸಂರಕ್ಷಣೆ ಕಲಿಯುವ ದಾರಿಯೂ ಇದೆ. ಫ್ಲಾರೆನ್ಸಿನ ಒಪಿಫಿಚೊ ದೆಲ್ಲೆ ಪಿಯೆತ್ರೆ ದೂರೆ ಸಂಸ್ಥೆ ಅದರಲ್ಲಿ ದೊಡ್ಡ ಹೆಸರು. ಅಲ್ಲಿ ಐದು ವರ್ಷದ ಕೋರ್ಸ್, ಪ್ರವೇಶ ಪರೀಕ್ಷೆಯೂ ಕಠಿಣ, ಎಲ್ಲ ಇಟಾಲಿಯನ್ನಿನಲ್ಲೇ. ಅದರ ತಯಾರಿಯೇ ಬೇರೆ. ಅಂಥ ಆಸೆ ಬಂದರೆ ನಿಮ್ಮ ಕೆಲಸದ ಫೋಟೋಗಳ ಜೊತೆ ಮತ್ತೆ ಬರೆಯಿರಿ.